ಬಾಗಿಲ ಹೆಗಲ ಮೇಲೆ ಒಣಹಾಕಿದ ಚಡ್ಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಅರುಣ್ ಕೋಲಟ್ಕರ್ ಅವರ ‘ಜೇಜುರಿ’ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಬಹಳಷ್ಟು ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆಯವೇ. ಕೆಲವರಿಗೆ ಖುಷಿಯಾಗಿದೆ, ಕೆಲವರಿಗೆ ಸಿಟ್ಟು ಬಂದಿದೆ. ಆ ಬರಹ ಓದದವರಿಗಾಗಿ ನಾಲ್ಕು ಮಾತು ಮೊದಲು ಹೇಳಿಬಿಡುತ್ತೇನೆ. ಕೋಲಟ್ಕರ್ 1931ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದವರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿ, ಜಾಹೀರಾತು ಕಂಪನಿಗಳಲ್ಲಿ ಕಲಾವಿದರಾಗಿ ಕೆಲಸ ಮಾಡಿದರು. ಮರಾಠಿ, ಇಂಗ್ಲಿಷ್ ಎರಡರಲ್ಲೂ ಕವಿತೆ ಬರೆದರು. 2004ರಲ್ಲಿ ತೀರಿಕೊಂಡರು. ಜೇಜುರಿ ಅನ್ನುವುದು ಪುಣೆ ಹತ್ತಿರದ, ಖಂಡೋಬ ಅನ್ನುವ ದೇವರ ಕ್ಷೇತ್ರ. ಅಲ್ಲಿಗೆ ಸರ್ಕಾರಿ ಬಸ್ಸಿನಲ್ಲಿ ಹೋಗಿ, ಗುಡಿಗಳನ್ನೆಲ್ಲ ಸುತ್ತಿ, ಸಂಜೆ ಹೊತ್ತಿಗೆ ರೈಲ್ವೆ ಸ್ಟೇಷನ್ನಿಗೆ ಬಂದು ಕಾಯುತ್ತಾ ಕೂತ ಒಬ್ಬನಿಗೆ ಕಂಡದ್ದೆಲ್ಲ ಆ ಪುಸ್ತಕದ ಕವಿತೆಗಳಾಗಿದೆ. ಇಂಗ್ಲಿಷಿನಲ್ಲಿ ಬರೆದದ್ದು. 1976ರಲ್ಲಿ ಪುಸ್ತಕವಾಗಿ ಬಂತು, ಮರುವರ್ಷ ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿ ಪಡೆಯಿತು. ಇನ್ನು ಪ್ರಶ್ನೆಗಳು.

ಪ್ರಶ್ನೆ: ನಾವು ಗೆಳತಿಯರು ಸೇರಿ ಈ ಕವಿತೆಗಳನ್ನು ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ಓದಿದೆವು. ನಾವೆಲ್ಲ ನಕ್ಕೆವು. ಪಕ್ಕದಲ್ಲೇ ಕೂತಿದ್ದ ನಮ್ಮ ಅಜ್ಜಿ ಮಾತ್ರ ಬೇಜಾರು ಮಾಡಿಕೊಂಡರು. ಬಾಗಿಲಿನ ಮೇಲೆ ಚಡ್ಡಿ, ಅಂಚೆ ಡಬ್ಬದಂಥ ದೇವರು, ಗುಡಿಯಲ್ಲಿ ನಾಯಿ ಮರಿ ಹಾಕಿದ್ದು, ಇದೆಲ್ಲ ದೇವರ ಅಣಕ ಅಲ್ವಾ ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಇಷ್ಟೊಂದು ಹುಡುಗಾಟ ಇದ್ದರೆ ಅದು ಕಾವ್ಯ ಹೇಗಾಗುತ್ತದೆ?
(ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ)

ಉತ್ತರ: ಅಜ್ಜಿಯ ಬೇಜಾರು ನ್ಯಾಯವಾದದ್ದೇ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ನೀವು ಅವರಿಗೆ ಕವಿತೆಯ ಮೊದಲ ಅರ್ಧ ಮಾತ್ರ ಹೇಳಿ ನಕ್ಕುಬಿಟ್ಟಿದ್ದೀರಿ ಅನ್ನಿಸುತ್ತದೆ. ಈ ಕವಿಯ ಕವಿತೆಗಳನ್ನು ಕೊನೆಯ ಸಾಲಿನ ತನಕ ಹೇಳಲೇಬೇಕು, ಯಾಕೆಂದರೆ ಆಟ ತಿರುಗುವುದೇ ಅಲ್ಲಿ.

ಆ ಅಂಚೆ ಡಬ್ಬದ ದೇವರನ್ನೇ ತಗೊಳ್ಳಿ. ಹೆಸರು ಯಶವಂತರಾವ್. ದೊಡ್ಡ ಗುಡಿಯ ಒಳಗೆ ಈ ದೇವರಿಗೆ ಜಾಗ ಇಲ್ಲ, ಹೊರಗೆ ಗೋಡೆ ಪಕ್ಕದಲ್ಲಿದ್ದಾನೆ. ಎರಡನೇ ದರ್ಜೆಯ ದೇವರು. ಕರಿಕಲ್ಲಿನ ಒಂದು ಮುದ್ದೆ, ಬಣ್ಣ ಮಾತ್ರ ಅಂಚೆ ಡಬ್ಬದ ಹಾಗೆ ಹೊಳೆಯುತ್ತದೆ. ಕೈ ಇಲ್ಲ, ಕಾಲಿಲ್ಲ, ತಲೆ ಕೂಡ ಇಲ್ಲ. ಇಲ್ಲಿಯ ತನಕ ಓದಿದರೆ ತಮಾಷೆ. ಕವಿ ಸಂತೆಯಲ್ಲಿ ಮಾಲು ಹೊಗಳುವವನ ದನಿಯಲ್ಲಿ, ನಿಮಗೆ ದೇವರು ಬೇಕಾ, ನನಗೊಬ್ಬ ಒಳ್ಳೆಯವನು ಗೊತ್ತು ಅಂತಲೇ ಶುರು ಮಾಡುತ್ತಾರೆ. ಆಮೇಲೆ ಏನು ಹೇಳುತ್ತಾರೆ? ಈ ದೇವರು ನಿಮಗೆ ಸ್ವರ್ಗ ಕೊಡಿಸುವ ಮಾತಾಡುವುದಿಲ್ಲ, ಆದರೆ ಮೂಳೆ ಮುರಿದಿದ್ದರೆ ಕೂಡಿಸುತ್ತಾನೆ. ಕೈ ಹೋದವರಿಗೆ ಕೈ ಕೊಡುತ್ತಾನೆ, ಬಿದ್ದವರನ್ನು ಎಬ್ಬಿಸಿ ನಿಲ್ಲಿಸುತ್ತಾನೆ. ಅವನಿಗೇ ಕೈಕಾಲು ತಲೆ ಇಲ್ಲದ್ದರಿಂದ ನಿಮ್ಮ ಕಷ್ಟ ಅವನಿಗೆ ಸ್ವಲ್ಪ ಚೆನ್ನಾಗಿ ಅರ್ಥ ಆಗುತ್ತದೆ. ಇದನ್ನು ಅಜ್ಜಿಗೆ ಹೇಳಿ ನೋಡಿ. ಹೊಲದ ಬದುವಿನಲ್ಲಿ ನಿಂತ ಕಲ್ಲಿಗೆ ಕುಂಕುಮ ಹಚ್ಚಿ, ಕೂಸಿನ ಜ್ವರ ಇಳಿಸಪ್ಪಾ ಅಂತ ಬೇಡಿಕೊಂಡ ಯಾರಿಗೂ ಈ ಸಾಲು ಅಣಕ ಅನ್ನಿಸಲಾರದು. ದೊಡ್ಡ ಗುಡಿಯ ಹೊರಗೆ ಉಳಿದ ದೇವರನ್ನು ಹೊರಗೇ ಉಳಿದ ಜನರ ಜೊತೆ ಕೂರಿಸಿದ ಕವಿತೆ ಅದು.

ನಾಯಿ ಮರಿ ಹಾಕಿದ ಗುಡಿಯದೂ ಹೀಗೇ. ಮಾರುತಿಯ ತಲೆ ಮೇಲೆ ಗುಡಿಯ ಮಾಡು ಕುಸಿದಿದೆ. ಯಾರಿಗೂ ಚಿಂತೆಯಿಲ್ಲ, ಮಾರುತಿಗೂ ಇಲ್ಲ. ಬೀದಿನಾಯಿಯೊಂದು ಆ ಹಾಳುಗುಡಿಯ ನಡುವೆ ಮರಿಗಳ ಜೊತೆ ಸಂಸಾರ ಹೂಡಿದೆ. ಮರಿಗಳು ತಾಯಿಯ ಮೇಲೆ ಉರುಳಾಡುತ್ತಿವೆ. ಕೊನೆಗೆ ಕವಿ ಹೇಳುವುದು ಇಷ್ಟು: ಇಲ್ಲಿ ಪೂಜೆ ನಿಂತುಹೋಗಿದೆ, ಆದರೂ ಇದು ದೇವರ ಮನೆಯೇ. ಖಂಡೋಬನ ಸಂಗಾತಿ ಪ್ರಾಣಿ ನಾಯಿ ಅನ್ನುವುದು ನೆನಪಿದ್ದರೆ ಈ ಮಾತು ಇನ್ನೂ ತೂಕವಾಗುತ್ತದೆ. ಇದು ಬರೀ ಹುಡುಗಾಟ ಆಗಿದ್ದರೆ ಕವಿ ಕುಸಿದ ಮಾಡನ್ನು ನೋಡಿ ನಕ್ಕು ಮುಂದೆ ಹೋಗುತ್ತಿದ್ದರು. ಅವರು ಅಲ್ಲೇ ನಿಂತಿದ್ದಾರೆ, ಮರಿಗಳನ್ನು ನೋಡಿದ್ದಾರೆ, ತಾಯಿನಾಯಿ ತಮ್ಮನ್ನು ಅನುಮಾನದಿಂದ ನೋಡಿದ್ದನ್ನೂ ನೋಡಿದ್ದಾರೆ.

ಇನ್ನೊಂದು ಕವಿತೆಯಲ್ಲಿ ಕತ್ತಲೆ ಗುಡಿ ಇದೆ. ನೋಡಲು ಬಂದವನು ಪೂಜಾರಿಗೆ ಬೆಂಕಿಪೊಟ್ಟಣ ಕೊಡುತ್ತಾನೆ. ಕಡ್ಡಿ ಗೀರಿದಂತೆ ಒಂದೊಂದೇ ದೇವರು ಕಾಣುತ್ತದೆ, ಕಡ್ಡಿ ಆರಿದಂತೆ ಮರೆಯಾಗುತ್ತದೆ. ಇದ್ಯಾರು? ಎಂಟು ಕೈಯ ದೇವಿ. ಬಂದವನು ಎಣಿಸುತ್ತಾನೆ, ಹದಿನೆಂಟು ಕೈ ಇವೆ! ಪೂಜಾರಿಗೆ ಮಾತ್ರ ಅವಳು ಎಂಟು ಕೈಯ ದೇವಿಯೇ. ಇಲ್ಲಿ ಯಾರು ಗೆದ್ದರು? ಕವಿ ಹೇಳುವುದಿಲ್ಲ. ಎಣಿಸಿದವನು ಹೊರಗೆ ಬಿಸಿಲಿಗೆ ಬಂದು ಚಾರ್ಮಿನಾರ್ ಸಿಗರೇಟು ಹಚ್ಚುತ್ತಾನೆ, ಮಕ್ಕಳು ಕಲ್ಲಿನ ಆಮೆಯ ಬೆನ್ನ ಮೇಲೆ ಆಡುತ್ತಿರುತ್ತಾರೆ, ಅಷ್ಟೇ. ದೇವರನ್ನು ನಂಬುತ್ತೀರಾ ಅಂತ ಸಂದರ್ಶನವೊಂದರಲ್ಲಿ ಕೇಳಿದಾಗ ಕೋಲಟ್ಕರ್ ಕೊಟ್ಟ ಉತ್ತರದ ಸಾರವೂ ಇದೇ: ಆ ಪ್ರಶ್ನೆಯನ್ನು ನಾನು ಅದರ ಪಾಡಿಗೆ ಬಿಟ್ಟಿದ್ದೇನೆ, ಈ ಕಡೆ ಆ ಕಡೆ ಅಂತ ನಿಲ್ಲಬೇಕು ಅನ್ನಿಸಿಲ್ಲ.

ಅಣಕ ಮಾಡುವವನಿಗೆ ನೋಡುವ ಮೊದಲೇ ಎಲ್ಲ ಗೊತ್ತಿರುತ್ತದೆ. ಈ ಮನುಷ್ಯ ಬೆಂಕಿಕಡ್ಡಿ ಖರ್ಚು ಮಾಡಿ ಕೈಗಳನ್ನು ಎಣಿಸುತ್ತಾರೆ. ನನಗೆ ಇವರ ಆಟದ ಮೇಲೆ ಪ್ರೀತಿ ಹುಟ್ಟಿದ್ದು ಅದಕ್ಕೇ.

ಪ್ರಶ್ನೆ: ಮರಾಠಿಯವರು, ಬರೆದದ್ದು ಇಂಗ್ಲಿಷಿನಲ್ಲಿ. ಮಲೇಬೆನ್ನೂರಿನಲ್ಲಿ ಭತ್ತ ಬೆಳೆಯುವ ನಮಗೆ ಯಾಕೆ ಬೇಕು ಸ್ವಾಮಿ? ನಮ್ಮಲ್ಲಿ ಕವಿಗಳಿಲ್ಲವೇ?
(ಮಲೇಬೆನ್ನೂರಿನ ಓದುಗರು)

ಉತ್ತರ: ನಮ್ಮಲ್ಲಿ ಕವಿಗಳು ಧಾರಾಳವಾಗಿ ಇದ್ದಾರೆ, ಅವರ ಬಗ್ಗೆಯೂ ಇದೇ ಪುಟದಲ್ಲಿ ಬರೆಯುತ್ತಲೇ ಇದ್ದೇನೆ. ಆದರೆ ಜೇಜುರಿ ನಿಮಗೆ ದೂರದ್ದಲ್ಲ ಸ್ವಾಮಿ. ಜೇಜುರಿಯ ಖಂಡೋಬ ಅಂದರೆ ನಿಮ್ಮ ಮೈಲಾರಲಿಂಗನೇ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆ ಜಾತ್ರೆಗೆ ನಮ್ಮ ಕಡೆಯಿಂದ ಗಾಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗುವವರು ಎಷ್ಟು ಜನ! ಅಲ್ಲಿ ಎರಚುವ ಭಂಡಾರವನ್ನೇ, ಅಂದರೆ ಅರಿಸಿನದ ಪುಡಿಯನ್ನೇ, ಜೇಜುರಿಯಲ್ಲೂ ಎರಚುತ್ತಾರೆ. ಮೈಲಾರದಲ್ಲಿ ಕೂಗುವ ಏಳುಕೋಟಿಯನ್ನೇ ಜೇಜುರಿಯಲ್ಲೂ ಕೂಗುತ್ತಾರೆ. ಮೈಲಾರನ ಸೇವೆಗೆ ನಿಂತ ನಮ್ಮ ಗೊರವಯ್ಯ, ಗೊರವಮ್ಮನ ಹಾಗೆ ಅಲ್ಲಿ ವಾಘ್ಯಾ, ಮುರಳಿ ಇದ್ದಾರೆ, ಅವರಿಬ್ಬರ ಹಾಡುಗಳೂ ಈ ಪುಸ್ತಕದಲ್ಲಿವೆ. ಕರಿ ಕಂಬಳಿ ಹೊದ್ದು, ಕರಡಿ ಕೂದಲಿನ ಟೋಪಿ ಹಾಕಿ, ಡಮರುಗ ಬಾರಿಸುತ್ತಾ, ದೋಣಿ ಅನ್ನುವ ಪಾತ್ರೆಗೆ ಬಾಯಿ ಹಾಕಿ ನಾಯಿಯ ಹಾಗೆ ಬೊಗಳುತ್ತಾ ಉಣ್ಣುವ ಗೊರವರನ್ನು ಚಿಕ್ಕಂದಿನಿಂದ ನೋಡಿದವರು ನೀವು. ಬೆಂಗಳೂರಿನಲ್ಲೋ ಲಂಡನ್ನಿನಲ್ಲೋ ಕೂತು ಈ ಪುಸ್ತಕ ಓದಿದವರಿಗೆ ಟಿಪ್ಪಣಿ ಬೇಕಾಗುತ್ತದೆ. ನಿಮಗೆ ಬೇಡ.

ಒಂದು ಉದಾಹರಣೆ ಹೇಳುತ್ತೇನೆ. ಪೂಜಾರಿಯ ಮಗ, ಶಾಲೆಗೆ ಹೋಗುವ ಹುಡುಗ, ಬಂದವನಿಗೆ ಬೆಟ್ಟಗಳನ್ನು ತೋರಿಸುತ್ತಾನೆ. ಈ ಐದು ಬೆಟ್ಟ ಖಂಡೋಬ ಕೊಂದ ಐದು ರಾಕ್ಷಸರು ಅನ್ನುತ್ತಾನೆ. ಈ ಕಥೆಯನ್ನು ನೀನು ನಿಜವಾಗಿ ನಂಬುತ್ತೀಯಾ ಅಂತ ಬಂದವನು ಕೇಳುತ್ತಾನೆ. ಹುಡುಗನಿಗೆ ಇರುಸುಮುರುಸಾಗುತ್ತದೆ. ಹೆಗಲು ಕುಣಿಸಿ ಬೇರೆ ಕಡೆ ನೋಡುತ್ತಾನೆ. ಒಣಹುಲ್ಲಿನಲ್ಲಿ ಏನೋ ಮಿಣಕ್ ಅಂದಂತಾಗಿ, ಅಗೋ ಚಿಟ್ಟೆ ಅನ್ನುತ್ತಾನೆ. ಕವಿತೆ ಮುಗಿಯಿತು. ಪುಟ ತಿರುಗಿಸಿದರೆ ಮುಂದಿನ ಕವಿತೆಯೇ ಆ ಚಿಟ್ಟೆ. ಅದರ ಹಿಂದೆ ಯಾವ ಕಥೆಯೂ ಇಲ್ಲ ಅನ್ನುತ್ತಾರೆ ಕವಿ. ಅದಕ್ಕೆ ನಾಳೆ ಇಲ್ಲ, ಯಾವ ನಿನ್ನೆಗೂ ಅದನ್ನು ಮೊಳೆ ಹೊಡೆದಿಲ್ಲ. ಒಂದು ಚಿಟಿಕೆ ಹಳದಿ, ತೆರೆಯುವುದರೊಳಗೆ ಮುಚ್ಚುತ್ತದೆ, ಮುಚ್ಚುವುದರೊಳಗೆ ತೆ... ಅಯ್ಯೋ ಎಲ್ಲಿ ಹೋಯಿತು?

ಇದನ್ನು ಓದಿದ ಹಲವರು, ಪುರಾಣ ಬಿಟ್ಟು ಈ ಕ್ಷಣಕ್ಕೆ ಬಂದ ಕವಿತೆ ಅಂತ ವಿವರಿಸುತ್ತಾರೆ. ನನಗೆ ಹಾಗೆ ಪೂರ್ತಿ ಅನ್ನಿಸುವುದಿಲ್ಲ. ಇಡೀ ಬೆಟ್ಟ ಭಂಡಾರದಲ್ಲಿ ಮುಳುಗಿರುವ ಊರಿನಲ್ಲಿ ಒಂದು ಚಿಟಿಕೆ ಹಳದಿ ಅಂದರೆ ಏನು ಅಂತ ಮೈಲಾರದಿಂದ ಹಳದಿ ಮೈಯಲ್ಲಿ ಮನೆಗೆ ಬಂದವರನ್ನು ಕೇಳಿ. ಕವಿ ಕಥೆಯನ್ನು ಬಿಟ್ಟರು, ಅರಿಸಿನವನ್ನು ಬಿಡಲಿಲ್ಲ. ಈ ಓದು ನಿಮ್ಮಂಥವರಿಂದಲೇ ಬರಬೇಕು, ಅದಕ್ಕೇ ಮಲೇಬೆನ್ನೂರಿನವರು ಈ ಪುಸ್ತಕ ಓದಲಿ ಅನ್ನುವುದು.

ಪ್ರಶ್ನೆ: ನಾನು ನಿವೃತ್ತ ಕನ್ನಡ ಮೇಷ್ಟ್ರು. ಅಲ್ಲಮನ ಬೆಡಗಿನ ವಚನ, ಶರೀಫರ ತತ್ವಪದ ಪಾಠ ಮಾಡಿದವನು. ನಿಮ್ಮ ಕವಿಯದೂ ಅದೇ ಜಾತಿಯದೇ? ಆದರೆ ಆ ಬೆಡಗನ್ನು ಬಿಡಿಸುವ ಕ್ರಮ ಏನು? ಅರ್ಥ ಗೊತ್ತಾಗದೆ ಹೇಗೆ ಆಸ್ವಾದಿಸುವುದು? ಅತಿವಾಸ್ತವ ಅಂತ ವಿಮರ್ಶಕರು ಹೇಳುತ್ತಾರಲ್ಲ, ಅದು ಇದೇನಾ?
(ಹರಿಹರದ ಮೇಷ್ಟ್ರು)

ಉತ್ತರ: ಮೇಷ್ಟ್ರೇ, ನಮಸ್ಕಾರ. ನೀವು ನಾಲ್ಕು ಪ್ರಶ್ನೆ ಒಟ್ಟಿಗೆ ಕೇಳಿದ್ದೀರಿ. ಅರ್ಥದ ಪ್ರಶ್ನೆಯೇ ಮುಖ್ಯ.

ಶರೀಫರ ಪದದಲ್ಲಿ ಕೋಡಗನ ಕೋಳಿ ನುಂಗುತ್ತದೆ, ಆಡು ಆನೆಯನ್ನು ನುಂಗುತ್ತದೆ, ಗೋಡೆ ಸುಣ್ಣವನ್ನು ನುಂಗುತ್ತದೆ. ಕೇಳುವಾಗ ಮಕ್ಕಳು ಕುಣಿಯುತ್ತಾರೆ. ಆದರೆ ಕೊನೆಗೆ ಗೋವಿಂದ ಗುರುವಿನ ಪಾದ ನನ್ನನ್ನು ನುಂಗಿತು ಅಂತ ಬರುತ್ತದೆ. ಅಲ್ಲಿಗೆ ಬಂದ ಮೇಲೆ ಹಿಂದಿನ ನುಂಗಾಟಕ್ಕೆಲ್ಲ ಒಂದು ದಿಕ್ಕು ಸಿಗುತ್ತದೆ. ಬೆಡಗಿನ ವಚನಕ್ಕೂ ಹಾಗೇ, ಒಳಗೊಂದು ಸಾಧನೆಯ ದಾರಿ ಇದೆ, ಅದನ್ನು ಬಲ್ಲವರು ಬಿಡಿಸಿ ಹೇಳುತ್ತಾರೆ. ಬೀಗ ಇದೆ, ಕೀಲಿಕೈಯೂ ಇದೆ. ಕೋಲಟ್ಕರ್ ಕವಿತೆಗೆ ಆ ಥರದ ಕೀಲಿಕೈ ಇಲ್ಲ, ಹುಡುಕಬೇಡಿ. ಬಾಗಿಲು ಅಂದರೆ ಸಂಪ್ರದಾಯ, ಚಡ್ಡಿ ಅಂದರೆ ಆಧುನಿಕತೆ ಅಂತ ಪಟ್ಟಿ ಮಾಡಲು ಹೋದರೆ ಕವಿತೆ ಅಲ್ಲೇ ಸಾಯುತ್ತದೆ. ಅದು ಬಾಗಿಲೇ. ಅದು ಚಡ್ಡಿಯೇ.

ಅತಿವಾಸ್ತವದ ಮಾತು. 1924ರಲ್ಲಿ ಪ್ಯಾರಿಸ್ಸಿನಲ್ಲಿ ಆಂದ್ರೆ ಬ್ರೆತಾನ್ ಪ್ರಣಾಳಿಕೆ ಬರೆದು ಈ ಪಂಥವನ್ನು ಶುರು ಮಾಡಿದರು. ಕನಸು, ಎಚ್ಚರ ಇಲ್ಲದ ಮನಸ್ಸು, ಬುದ್ಧಿಯ ಕಾವಲಿಲ್ಲದೆ ಕೈಗೆ ಬಂದದ್ದನ್ನು ಬರೆಯುವುದು, ಇವು ಅವರ ದಾರಿ. ಕೋಲಟ್ಕರ್ ಆ ಕವಿಗಳನ್ನು ಓದಿ ಬೆಳೆದವರು. ಅವರ ಮೊದಮೊದಲ ಮರಾಠಿ ಕವಿತೆಗಳಲ್ಲಿ, 1977ರಲ್ಲಿ ಬಂದ ಸಂಕಲನದಲ್ಲಿ, ಆ ಪ್ರಭಾವ ಕಾಣುತ್ತದೆ. ಅವು ಕಷ್ಟದ ಕವಿತೆಗಳು. ನನಗೆ ಅವುಗಳ ಮೇಲೆ ಗೌರವ ಇದೆ, ಪ್ರೀತಿ ಕಡಿಮೆ. ಜೇಜುರಿಗೆ ಬರುವ ಹೊತ್ತಿಗೆ ಅವರು ಬೇರೆ ಏನೋ ಕಂಡುಕೊಂಡಿದ್ದಾರೆ. ಕಣ್ಣು ಮುಚ್ಚಿದರೆ ಮಾತ್ರ ಕನಸು ಬೀಳಬೇಕಿಲ್ಲ, ಕಣ್ಣು ಪೂರ್ತಿ ತೆರೆದು ಒಂದು ವಸ್ತುವನ್ನು ದಿಟ್ಟಿಸುತ್ತಾ ನಿಂತರೂ ಅದು ತಾನಾಗಿ ವಿಚಿತ್ರವಾಗುತ್ತದೆ ಅಂತ.

ಇನ್ನು ಅರ್ಥ ಗೊತ್ತಾಗದೆ ಹೇಗೆ ಅನ್ನುವುದು. ಮೇಷ್ಟ್ರೇ, ನಿಮ್ಮ ಊರಿನ ದೇವರು ಬಲಗಡೆ ಹರ, ಎಡಗಡೆ ಹರಿ. ದಿನಾ ಕೈಮುಗಿಯುವವರು ಎರಡನ್ನೂ ಕೂಡಿಸಿಯೇ ನೋಡುತ್ತಾರೆ, ಗೆರೆ ಎಳೆದು ಬೇರೆ ಮಾಡುವುದಿಲ್ಲ. ಮತ್ತೆ ಮೈಲಾರಕ್ಕೆ, ಜಾತ್ರೆಯಲ್ಲಿ ನಡೆಯುವ ಕಾರ್ಣಿಕ ಅನ್ನುವ ಭವಿಷ್ಯವಾಣಿಗೆ ಬನ್ನಿ. ಉಪವಾಸ ಇದ್ದ ಗೊರವಯ್ಯ ಬಿಲ್ಲು ಏರುತ್ತಾನೆ. ಸದ್ದಲೇ ಅನ್ನುತ್ತಾನೆ. ಅಷ್ಟು ದೊಡ್ಡ ಜನಸಾಗರ ಒಂದೇ ಸಲಕ್ಕೆ ಸುಮ್ಮನಾಗುತ್ತದೆ. ಒಂದೇ ಸಾಲು ಬರುತ್ತದೆ. 2023ರಲ್ಲಿ ಬಂದದ್ದು, ಅಂಬಲಿ ಹಳಸಿತು ಕಂಬಳಿ ಬೀಸಿತಲೇ ಪರಾಕ್. ಚುನಾವಣೆಯ ವರ್ಷ. ರಾಜಕೀಯದವರು ಅದನ್ನು ತಮಗೆ ಬೇಕಾದಂತೆ ಓದಿದರು, ರೈತರು ಮಳೆ ಬೆಳೆಗೆ ಹಚ್ಚಿ ನೋಡಿದರು. ಒಬ್ಬರ ಅರ್ಥಕ್ಕೂ ಇನ್ನೊಬ್ಬರ ಅರ್ಥಕ್ಕೂ ತಾಳೆಯಿಲ್ಲ. ಆದರೆ ಸಾಲು ಎಲ್ಲರ ಬಾಯಲ್ಲೂ ಉಳಿಯಿತು. ಯಾಕೆ ಉಳಿಯಿತು ಅಂದರೆ ಅಂಬಲಿಯ ಹುಳಿ ವಾಸನೆ, ಕಂಬಳಿ ಬೀಸಿದ ಗಾಳಿ ಎರಡೂ ನಮ್ಮ ಮೈಗೆ ಗೊತ್ತು. ಅರ್ಥ ಆಮೇಲೆ ಬಂದು ಕೂರುತ್ತದೆ, ಬಾರದಿದ್ದರೂ ಸಾಲು ಕೆಡುವುದಿಲ್ಲ.

ಕಾರ್ಣಿಕವೂ ಕವಿತೆಯೂ ಒಂದೇ ಅಂತ ನಾನು ಹೇಳುತ್ತಿಲ್ಲ. ಕಾರ್ಣಿಕ ದೈವವಾಣಿ ಅನ್ನುವ ನಂಬಿಕೆ ಅಲ್ಲಿದೆ, ಕವಿತೆಗೆ ಆ ಬೆಂಬಲ ಇಲ್ಲ, ತನ್ನ ಮಾತಿನ ಬಲದಿಂದಲೇ ನಿಲ್ಲಬೇಕು. ನಾನು ಹೇಳುವುದು ಓದುಗನ ತಾಳ್ಮೆಯ ಬಗ್ಗೆ. ನಮ್ಮ ಸೀಮೆಯ ಜನಕ್ಕೆ ಆ ತಾಳ್ಮೆ ಮೊದಲೇ ಇದೆ. ಅಲ್ಲಿ ಬಯಲಲ್ಲಿ ನಿಂತು ಕೇಳುವಾಗ ಇರುವ ಕಿವಿಯನ್ನು ಪುಸ್ತಕ ಹಿಡಿದಾಗ ಯಾಕೆ ಮನೆಯಲ್ಲಿ ಬಿಟ್ಟು ಬರುತ್ತೇವೋ ಗೊತ್ತಿಲ್ಲ. ಬಹುಶಃ ಶಾಲೆಯಲ್ಲಿ ಸಂದರ್ಭ ಸಹಿತ ವಿವರಿಸಿ ಬರೆದು ಬರೆದು ಹಾಗಾಗಿರಬೇಕು.

ಕಲ್ಲಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಜೇಜುರಿಯಲ್ಲಿ ದೇವರು ಯಾವುದು, ಕಲ್ಲು ಯಾವುದು ಅನ್ನುವ ಗೆರೆ ಬಹಳ ಸಣ್ಣದು, ಎರಡು ಕಲ್ಲಿಗೊಂದು ದೇವರೋ ದೇವರ ನೆಂಟನೋ ಆಗಿರುತ್ತದೆ, ಬಂಡೆ ಕೆರೆದರೆ ಸಾಕು ಕಥೆ ಚಿಮ್ಮುತ್ತದೆ ಅನ್ನುತ್ತಾರೆ ಕೋಲಟ್ಕರ್. ನಮ್ಮ ಚಿತ್ರದುರ್ಗದ ಕೋಟೆಯಲ್ಲಿ ಓಡಾಡಿದವರು ಇದಕ್ಕೆ ತಲೆದೂಗದೆ ಇರುತ್ತಾರಾ? ಅಲ್ಲಿ ಗೈಡು ಬಂಡೆ ತೋರಿಸಿ, ಅಲ್ನೋಡಿ ಸಾರ್ ಆನೆ, ಸೊಂಡಿಲು ಕಾಣಿಸ್ತಾ ಅನ್ನುತ್ತಾನೆ. ಎರಡು ಹೆಜ್ಜೆ ಹಿಂದೆ ಸರಿದರೆ ಬರೀ ಬಂಡೆ. ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬನ ಹಲ್ಲು ಅಂತ ತೋರಿಸುತ್ತಾರೆ. ಆ ಬೆಟ್ಟದ ಮೇಲೆ ನಿಂತವನಿಗೆ ಅತಿವಾಸ್ತವ ಪ್ಯಾರಿಸ್ಸಿನಿಂದ ಬರಬೇಕಾಗಿಲ್ಲ.

ಪ್ರಶ್ನೆ: ನಾನೂ ಈ ಥರದ ಕವಿತೆ ಬರೆಯುತ್ತೇನೆ. ಚಂದ್ರ ಬಂದು ನನ್ನ ಬೈಕ್ ಮೇಲೆ ಕೂತು ಅಳುತ್ತಾನೆ, ಗಡಿಯಾರ ಮೀನಾಗಿ ಈಜುತ್ತದೆ, ಹೀಗೆ. ಪತ್ರಿಕೆಗಳಿಂದ ವಾಪಸ್ ಬರುತ್ತಿವೆ. ಕೋಲಟ್ಕರ್ ಬರೆದರೆ ಕಾವ್ಯ, ನಾನು ಬರೆದರೆ ಹುಚ್ಚಾಟವೇ?
(ಚಳ್ಳಕೆರೆಯ ಯುವಕ)

ಉತ್ತರ: ಹುಚ್ಚಾಟ ಅಲ್ಲ ತಮ್ಮಾ, ಅವಸರ. ನೀವು ಕಳಿಸಿದ ಕವಿತೆಗಳನ್ನು ಓದಿದೆ. ಮೊದಲ ಸಾಲಿಗೇ ಹಾರಿಬಿಡುತ್ತೀರಿ. ಹಾರುವ ಮೊದಲು ನೆಲ ಬೇಕು ಅಲ್ವಾ?

ಆ ಬಾಗಿಲಿನ ಕವಿತೆಯನ್ನು ಬಿಚ್ಚಿ ನೋಡೋಣ. ಹಳೇ ಕಾಲದ ಭಾರೀ ಬಾಗಿಲು. ಒಂದು ಕೀಲು ಮುರಿದಿದೆ, ಇನ್ನೊಂದರಲ್ಲಿ ಜೋತಾಡುತ್ತಿದೆ. ಒಂದು ಮೂಲೆ ರಸ್ತೆಯ ಧೂಳಿನಲ್ಲಿ ಎಳೆದಾಡುತ್ತದೆ, ಇನ್ನೊಂದು ಎತ್ತರದ ಹೊಸ್ತಿಲಿಗೆ ಬಡಿಯುತ್ತದೆ. ಶಿಲುಬೆಯಿಂದ ಅರ್ಧ ಇಳಿಸಿದ ಪ್ರವಾದಿಯ ಹಾಗೆ ಕಾಣುತ್ತದೆ ಅಂತ ಹೋಲಿಕೆ ಕೊಡುತ್ತಾರೆ, ಅದೂ ನೋಟಕ್ಕೆ ಹೊಂದುವ ಹೋಲಿಕೆಯೇ, ಒಂದು ಕಡೆ ಜೋತುಬಿದ್ದ ಮೈ. ಕವಿತೆ ಮುಗಿಯುತ್ತಾ ಬರುವ ತನಕ ಹೀಗೆ ನೋಡಿದ್ದು, ನೋಡಿದ್ದು, ನೋಡಿದ್ದು. ಬಡಗಿ ಬಂದು ರಿಪೇರಿ ಮಾಡಬಹುದು, ಅಷ್ಟು ಸ್ಪಷ್ಟವಾಗಿದೆ. ಆಮೇಲೆ ಕೊನೆಗೆ ಒಂದೇ ಒಂದು ಹಾರಿಕೆ: ಕೀಲಿಗೆ, ಚೌಕಟ್ಟಿಗೆ ಬೆಂಕಿ ಬೀಳಲಿ, ಈ ಬಾಗಿಲು ಯಾವತ್ತೋ ಎದ್ದು ನಡೆದುಹೋಗುತ್ತಿತ್ತು, ಆದರೆ ಹೆಗಲ ಮೇಲೆ ಯಾರೋ ಚಡ್ಡಿ ಒಣಹಾಕಿದ್ದಾರಲ್ಲ! ನಗು ಬರುತ್ತದೆ, ಜೊತೆಗೆ ಗಂಟಲು ಕಟ್ಟುತ್ತದೆ. ಎಷ್ಟೋ ಮನೆಗಳಲ್ಲಿ ಹೊರಟುಹೋಗಬೇಕು ಅಂದುಕೊಂಡವರು ಇಂಥ ಸಣ್ಣ ಕಾರಣಕ್ಕೇ ಉಳಿದುಕೊಂಡಿರುತ್ತಾರೆ. ಇದನ್ನು ಕವಿ ಹೇಳಿಲ್ಲ. ಬಾಗಿಲನ್ನು ಅಷ್ಟು ನಿಜ ಮಾಡಿದ್ದರಿಂದ ನಮಗೆ ತಾನಾಗಿ ಹೊಳೆಯುತ್ತದೆ.

ನಿಮ್ಮ ಚಂದ್ರನಿಗೆ ತೂಕ ಇಲ್ಲ. ಬೈಕ್ ಯಾವುದು, ಎಲ್ಲಿ ನಿಂತಿದೆ, ಚಳ್ಳಕೆರೆಯ ಶೇಂಗಾ ಮಿಲ್ಲಿನ ಮುಂದೆಯಾ? ಸೀಟಿನ ಮೇಲೆ ಧೂಳಿತ್ತಾ? ಚಂದ್ರ ಕೂತಾಗ ಶಾಕ್ ಅಬ್ಸಾರ್ಬರ್ ಕೆಳಗಿಳಿಯಿತಾ? ಇವು ಸುಮ್ನೆ ಕೇಳುತ್ತಿರುವ ಪ್ರಶ್ನೆಗಳಲ್ಲ. ಇವುಗಳಿಗೆ ನಿಮ್ಮಲ್ಲಿ ಉತ್ತರ ಇದ್ದರೆ ಚಂದ್ರ ಅತ್ತಾಗ ನಾನೂ ನಂಬುತ್ತೇನೆ. ಗಡಿಯಾರ ಮೀನಾದ ಮೇಲೆ ಮುಂದಿನ ಸಾಲಿನಲ್ಲಿ ಅದನ್ನು ಮರೆತು ಮರ ಹಾಡಿತು ಅಂತ ಬರೆದಿದ್ದೀರಿ. ಒಂದು ವಿಚಿತ್ರವನ್ನು ಒಪ್ಪಿಕೊಂಡ ಮೇಲೆ ಅದರ ನಿಯಮವನ್ನು ಕೊನೆತನಕ ಪಾಲಿಸಬೇಕು.

ಇದಕ್ಕೆ ಅವರ ಇನ್ನೊಂದು ಕವಿತೆ ನೋಡಿ. ಮುಂಬಯಿಯ ಕಾಲಾ ಘೋಡಾ ಪ್ರದೇಶದಲ್ಲಿ ರಸ್ತೆ ನಡುವಿನ ತ್ರಿಕೋನದಂಥ ಜಾಗದಲ್ಲಿ ಬೆಳಗಿನ ಜಾವ ಬೀದಿನಾಯಿಯೊಂದು ಮಲಗಿದೆ. ಮಾತಾಡುತ್ತಿರುವುದೂ ನಾಯಿಯೇ. ನಾನು ಹದಿನೇಳನೇ ಶತಮಾನದ ಬೊಂಬಾಯಿ ನಕ್ಷೆಯ ಹಾಗಿದ್ದೇನೆ ಅನ್ನುತ್ತದೆ. ಏಳು ದ್ವೀಪ ಇನ್ನೂ ಕೂಡಿಲ್ಲ, ಹಳೇ ಕಾಗದದ ಬಣ್ಣದ ಮೈ ಮೇಲೆ ಕರೀ ಮಚ್ಚೆಗಳಾಗಿ ಕೂತಿವೆ. ಇಲ್ಲಿಗೆ ನಿಲ್ಲಿಸುವುದಿಲ್ಲ, ಯಾವ ದ್ವೀಪ ಹಣೆ ಮೇಲಿದೆ, ಮಾಹಿಮ್ ಹಿಂಬದಿಯಲ್ಲಿ ಎಲ್ಲಿದೆ ಅಂತ ಹೇಳುತ್ತದೆ. ಆಮೇಲೆ ವಂಶಾವಳಿ. ತಾಯಿಯ ಕಡೆಯಿಂದ, ಬೊಂಬಾಯಿಯಲ್ಲಿ ನರಿಬೇಟೆ ಶುರು ಮಾಡಬೇಕು ಅಂತ 1864ರಲ್ಲಿ ಆಗಿನ ಗವರ್ನರ್ ಸರ್ ಬಾರ್ಟಲ್ ಫ್ರೆರ್ ತರಿಸಿದ ಮೂವತ್ತು ಬೇಟೆನಾಯಿಗಳಲ್ಲಿ ಬದುಕುಳಿದ ಒಂದೇ ಹೆಣ್ಣುನಾಯಿಯ ಸಂತಾನ. ತಂದೆಯ ಕಡೆಯಿಂದ, ಧರ್ಮರಾಯನ ಹಿಂದೆ ಸ್ವರ್ಗದ ದಾರಿ ಹಿಡಿದ ನಾಯಿಯ ವಂಶ. ಕಲ್ಪನೆ ಎಷ್ಟು ದೂರ ಹೋಗಿದೆ ನೋಡಿ, ಆದರೆ ಒಂದೊಂದು ಹೆಜ್ಜೆಗೂ ಇಸವಿ, ಊರು, ಬಣ್ಣ ಇದೆ. ಕಲಾಶಾಲೆಯಲ್ಲಿ ಕಲಿತ ಕಣ್ಣು, ಜಾಹೀರಾತಿನಲ್ಲಿ ಪಳಗಿದ ಕೈ ಎರಡೂ ಇಲ್ಲಿ ಕೆಲಸ ಮಾಡಿವೆ.

ಆರು ತಿಂಗಳು ಯಾವ ಪತ್ರಿಕೆಗೂ ಕಳಿಸಬೇಡಿ. ಒಂದು ವಸ್ತು ಹಿಡಿದು ಪುಟದ ತುಂಬ ನೋಡಿದ್ದನ್ನಷ್ಟೇ ಬರೆಯಿರಿ. ಹಾರಿಕೆ ಬಂದರೆ ಕೊನೆಯಲ್ಲಿ ಬರಲಿ, ಬಾರದಿದ್ದರೆ ಎಳೆದು ತರಬೇಡಿ. ಆಮೇಲೆ ನನಗೆ ಕಳಿಸಿ, ಖಂಡಿತ ಓದುತ್ತೇನೆ.

ಪ್ರಶ್ನೆ: ನಿಮ್ಮ ಬರಹದಲ್ಲಿ ಬರೀ ಹೊಗಳಿಕೆ ಇದೆ. ಒಂದು ದಿನ ಹೋಗಿ ನೋಡಿ ಬಂದವನಿಗೆ ಜೇಜುರಿಯ ಭಕ್ತರ ಮನಸ್ಸು ಏನು ಗೊತ್ತು? ಪ್ರವಾಸಿ ಬರೆದ ಕಾವ್ಯ ಅಲ್ಲವೇ?
(ಚಿತ್ರದುರ್ಗದ ಉಪನ್ಯಾಸಕರು)

ಉತ್ತರ: ಈ ಆಕ್ಷೇಪ ಹಳೆಯದು, ಗಟ್ಟಿಯದು. ಮರಾಠಿಯ ದೊಡ್ಡ ಲೇಖಕ ಭಾಲಚಂದ್ರ ನೆಮಾಡೆ ಇದನ್ನೇ ಇನ್ನೂ ಖಾರವಾಗಿ ಹೇಳಿದ್ದರು, ಕೋಲಟ್ಕರ್ ರಜೆಯಲ್ಲಿ ಬಂದುಹೋಗುವ ಮುಂಬಯಿ ಪ್ರವಾಸಿಯ ಹಾಗೆ ಬಂದುಹೋಗುತ್ತಾರೆ ಅಂತ. ಅರ್ಧ ಒಪ್ಪುತ್ತೇನೆ. ಜೇಜುರಿ ಪುಸ್ತಕದಲ್ಲಿ ಬೆಟ್ಟ ಹತ್ತಿ ಬಂದ ಹೆಂಗಸು ಯಾಕೆ ಬಂದಳು, ಯಾವ ಹರಕೆ ಹೊತ್ತಿದ್ದಳು ಅಂತ ಗೊತ್ತಾಗುವುದು ಬಹಳ ಕಡಿಮೆ. ಕಲ್ಲು, ಬಾಗಿಲು, ನಾಯಿ ಮಾತಾಡುವಷ್ಟು ಜನ ಮಾತಾಡುವುದಿಲ್ಲ. ಕೆಲವು ಸಣ್ಣ ಕವಿತೆಗಳು ಒಂದು ಚಮತ್ಕಾರದ ಮೇಲೇ ನಿಂತಿವೆ. ಇನ್ನೊಂದು ಗುಡಿ ಅಂದುಕೊಂಡು ತೆರೆದ ಬಾಗಿಲಲ್ಲಿ ಇಣುಕಿದರೆ ಒಳಗೆ ಕರು, ಅದು ದನದ ಕೊಟ್ಟಿಗೆ ಅನ್ನುವ ಕವಿತೆ ಒಂದು ಸಲ ಓದಿದರೆ ಮುಗಿಯಿತು, ಎರಡನೇ ಸಲಕ್ಕೆ ಏನೂ ಉಳಿಯುವುದಿಲ್ಲ.

ಒಪ್ಪದ ಅರ್ಧ ಯಾವುದೆಂದರೆ, ಕವಿ ತಾನು ಹೊರಗಿನವನು ಅನ್ನುವುದನ್ನು ಮುಚ್ಚಿಟ್ಟಿಲ್ಲ. ಒಬ್ಬ ಮುದುಕಿ ಬಂದವನ ಅಂಗಿಯ ತೋಳು ಹಿಡಿದು ಐವತ್ತು ಪೈಸೆ ಕೇಳುತ್ತಾಳೆ, ಗುಡಿ ತೋರಿಸುತ್ತೇನೆ ಅನ್ನುತ್ತಾಳೆ. ಅವನು ಕೊಡವಿಕೊಳ್ಳಲು ನೋಡುತ್ತಾನೆ, ಬಿಡುವುದಿಲ್ಲ. ಈ ದರಿದ್ರ ಗುಡ್ಡದ ಮೇಲೆ ಮುದುಕಿ ಇನ್ನೇನು ಮಾಡಲಿ ಅಂತ ಕೇಳುತ್ತಾಳೆ. ಅವಳ ಕಣ್ಣು ಗುಂಡು ಹೊಕ್ಕ ತೂತುಗಳ ಹಾಗೆ ಕಾಣುತ್ತವೆ. ಅವಳ ಮುಖದ ಬಿರುಕುಗಳು ಹರಡುತ್ತಾ ಬೆಟ್ಟ ಬಿರಿಯುತ್ತದೆ, ಗುಡಿ ಬಿರಿಯುತ್ತದೆ, ಆಕಾಶ ಗಾಜಿನ ಹಾಗೆ ಒಡೆದು ಬೀಳುತ್ತದೆ, ಅವಳು ಮಾತ್ರ ನಿಂತೇ ಇರುತ್ತಾಳೆ. ಬಂದವನು ಅವಳ ಅಂಗೈಯ ಚಿಲ್ಲರೆಯಾಗಿ ಉಳಿಯುತ್ತಾನೆ. ಪ್ರವಾಸಿಯ ಮೇಲೆ ಇದಕ್ಕಿಂತ ಕಠಿಣವಾದ ತೀರ್ಪು ನೆಮಾಡೆಯವರೂ ಕೊಟ್ಟಿಲ್ಲ. ನನ್ನ ಮಟ್ಟಿಗೆ ಇಡೀ ಪುಸ್ತಕದ ಎತ್ತರ ಈ ಕವಿತೆ.

ಹಾಗಿದ್ದರೂ ನನ್ನ ಕೈಗೆ ಒಂದೇ ಪುಸ್ತಕ ಕೊಟ್ಟರೆ 2004ರಲ್ಲಿ ಬಂದ ಕಾಲಾ ಘೋಡಾ ಕವಿತೆಗಳನ್ನೇ ಆರಿಸಿಕೊಳ್ಳುತ್ತೇನೆ. ಆ ಚೌಕದ ಹೋಟೆಲೊಂದರ ಕಿಟಕಿ ಪಕ್ಕ ಅವರು ವರ್ಷಗಟ್ಟಲೆ ಕೂತು ನೋಡಿದರು. ಅಲ್ಲಿ ಯಾರೂ ಪ್ರವಾಸಿ ಅನ್ನುವಂತಿಲ್ಲ. ಫುಟ್‌ಪಾತಿನಲ್ಲಿ ಇಡ್ಲಿ ಮಾರುವ ಹೆಂಗಸು ಡಬ್ಬದ ಮುಚ್ಚಳ ತೆಗೆಯುತ್ತಾಳೆ, ಸುತ್ತಮುತ್ತಲ ಬಡವರು, ಬೀದಿಯಲ್ಲಿ ಮಲಗೆದ್ದವರು ಬಂದು ಸೇರುತ್ತಾರೆ. ಅವಳು ಕವಿತೆಯಲ್ಲಿ ಅನ್ನಪೂರ್ಣೆಯಾಗುತ್ತಾಳೆ, ಇಡ್ಲಿ ಮಾರುವವಳಾಗಿಯೂ ಇರುತ್ತಾಳೆ. ಜೇಜುರಿಯಲ್ಲಿ ಕಲ್ಲಿಗೆ ಸಿಕ್ಕ ಗಮನ ಇಲ್ಲಿ ಮನುಷ್ಯರಿಗೆ ಸಿಕ್ಕಿದೆ.

ಪ್ರಶ್ನೆ: ಇಂಗ್ಲಿಷ್ ಅಷ್ಟಕ್ಕಷ್ಟೇ. ಎಲ್ಲಿಂದ ಶುರು ಮಾಡಲಿ?
(ಜಗಳೂರಿನ ಓದುಗರು)

ಉತ್ತರ: ಜೇಜುರಿಯಿಂದಲೇ. ಭಾಷೆ ಬಹಳ ಸರಳ, ಸಾಲುಗಳು ಚಿಕ್ಕವು. ನಿಘಂಟು ಪಕ್ಕದಲ್ಲಿದ್ದರೆ ಸಾಕು. ಮರಾಠಿ ಬಲ್ಲವರಿಗೆ ‘ಭಿಜಕೀ ವಹೀ’ ಇದೆ, 2005ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಆದರೆ ಅದು ದೊಡ್ಡ, ಭಾರವಾದ ಪುಸ್ತಕ, ಅಳುವ ಹೆಂಗಸರದೇ ಲೋಕ ಅದು. ಮೊದಲಿಗೆ ಬೇಡ.

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಇಂಥ ಕವಿತೆಯನ್ನು ಮಕ್ಕಳಿಗೆ ಹೇಳಿಕೊಡಬಹುದಾ?
(ಹೊನ್ನಾಳಿಯ ಶಿಕ್ಷಕಿ)

ಉತ್ತರ: ಖಂಡಿತ ಹೇಳಿಕೊಡಿ ಮೇಡಂ. ಪುಸ್ತಕದ ಕೊನೆ ಹತ್ತಿರ ಒಂದು ಕವಿತೆ ಇದೆ. ಬಂದವನು ಊರು ಬಿಟ್ಟು ಸ್ಟೇಷನ್ ಕಡೆ ನಡೆಯುತ್ತಾನೆ. ಅರವತ್ಮೂರು ಪೂಜಾರಿಗಳು, ಅವರ ಅರವತ್ಮೂರು ಮನೆಗಳು, ಮುನ್ನೂರು ಕಂಬ, ಐನೂರು ಮೆಟ್ಟಿಲು, ಹದಿನೆಂಟು ಕಮಾನು, ಎಲ್ಲ ಲೆಕ್ಕ ಹಿಂದೆ ಬಿಡುತ್ತಾನೆ. ಊರಿಗೂ ಸ್ಟೇಷನ್ನಿಗೂ ನಡುವೆ ಹೊಲದಲ್ಲಿ ಹತ್ತಾರು ಹುಂಜ, ಹೇಂಟೆ ಸುಗ್ಗಿಕುಣಿತದ ಹಾಗೆ ಕುಣಿಯುತ್ತಿವೆ. ಆ ಜಾಗದಲ್ಲಿ ಕವಿತೆಯ ಪದಗಳೇ ಸಾಲು ಬಿಟ್ಟು ಪುಟದ ಮೇಲೆ ಮೇಲಕ್ಕೂ ಕೆಳಕ್ಕೂ ಜಿಗಿಯುತ್ತವೆ. ಅದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿ. ಅರ್ಥ ಹೇಳಬೇಡಿ, ಪ್ರಶ್ನೆಪತ್ರಿಕೆಯಲ್ಲಿ ಕೇಳಬೇಡಿ. ಆಮೇಲೆ ಮಕ್ಕಳಿಗೆ ಕೆಲಸ ಕೊಡಿ: ಶಾಲೆಗೆ ಬರುವ ದಾರಿಯಲ್ಲಿ ಕಂಡ ಕೋಳಿ, ಕುರಿ, ಎಮ್ಮೆ ಯಾವುದಾದರೂ ಒಂದನ್ನು ತಗೊಂಡು, ಅದು ಹೇಗೆ ನಡೆಯಿತೋ ಹಾಗೇ ಪುಟದ ಮೇಲೆ ಪದಗಳು ನಡೆಯುವಂತೆ ಬರೆಯಿರಿ ಅಂತ. ಎಮ್ಮೆ ಆರಿಸಿಕೊಂಡವರಿಗೆ ದೊಡ್ಡ ಹಾಳೆ ಬೇಕಾಗುತ್ತದೆ. ಒಳ್ಳೆಯವು ಬಂದರೆ ನಮಗೆ ಕಳಿಸಿ, ಈ ಪುಟದಲ್ಲೇ ಹಾಕುತ್ತೇವೆ.